ಕಾಲು ಬಿಗಿತಾವ, ಪಾದ ಉರಿತಾವ: ನೋವನ್ನು ಬರೆದು ಹೇಳೋಣ



ಈ ಪಾಠ ಕಾಲು ನೋವಿನ ಬಗ್ಗೆ ಇದೆ. ನಿಧಾನವಾಗಿ ಓದಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಓದಿ ಹೇಳಿರಿ.

ನಮ್ಮ ಸೋಲಾಪುರದಲ್ಲಿ, ಅಕ್ಕಲಕೋಟ ತಾಲೂಕಿನಲ್ಲಿ ದುಡಿಯುವ ಕಾಲುಗಳು ಬಹಳ. ಬೀಡಿ ಕಟ್ಟುವ ಅಕ್ಕ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂಜಾನೆ ಕೂಡುತ್ತಾಳೆ. ಕೂಲಿಯ ಲೆಕ್ಕ ಸಾವಿರ ಬೀಡಿಗೆ. ಸಾವಿರ ಮುಗಿಯುವ ತನಕ ಏಳಲು ಮನಸ್ಸು ಬರುವುದಿಲ್ಲ. ಪವರ್‌ಲೂಮ್ ಮಗ್ಗದಲ್ಲಿ ಚಾದರ, ಟವೆಲ್ ನೇಯುವ ಅಣ್ಣ ಪಾಳಿ ಮುಗಿಯುವ ತನಕ ನಿಂತೇ ಇರುತ್ತಾನೆ. ಕಬ್ಬು ಕಡಿಯುವವರು ದಿನವೆಲ್ಲ ಬಗ್ಗುತ್ತಾರೆ, ಭಾರ ಹೊರುತ್ತಾರೆ. ಕೂತವರಿಗೂ ನೋವು, ನಿಂತವರಿಗೂ ನೋವು.

ಇದಕ್ಕೆ ಜನ ಏನನ್ನುತ್ತಾರೆ? "ವಾತ ಅದ" ಅನ್ನುತ್ತಾರೆ. "ವಯಸ್ಸಾತು ಬಿಡು" ಅನ್ನುತ್ತಾರೆ. ಕೆಲವರು ದವಾಖಾನೆಗೆ ಹೋಗಿ ಬರುತ್ತಾರೆ. ಅಲ್ಲಿ "ರಿಪೋರ್ಟ್ ನಾರ್ಮಲ್ ಅದ" ಅಂತ ಹೇಳಿರುತ್ತಾರೆ. ಆದರೆ ರಾತ್ರಿ ಮತ್ತೆ ಕಾಲು ಬಿಗಿಯುತ್ತದೆ. ಆಗ ಮನೆಯವರು, "ಕೆಲಸ ತಪ್ಪಿಸಲಿಕ್ಕೆ ನೆಪ" ಅನ್ನಬಹುದು. ಕಾಲು ನೋವಿಗಿಂತ ಈ ಮಾತಿನ ನೋವು ದೊಡ್ಡದು.

1. ನೋವು ಒಂದೇ ಅಲ್ಲ

ಕಾಲು ನೋವಿನಲ್ಲಿ ಹಲವು ಬಗೆ ಇವೆ. ಬಗೆ ತಿಳಿದರೆ ಕಾರಣ ಹುಡುಕುವುದು ಸುಲಭ.

ಎರಡೂ ಪಾದ ಉರಿಯುತ್ತವೆ, ಜುಮ್ಮು ಹಿಡಿಯುತ್ತವೆ, ರಾತ್ರಿ ಹೆಚ್ಚಾಗುತ್ತದೆ. ಇದು ನರದ ತೊಂದರೆ ಇರಬಹುದು. ಸಕ್ಕರೆ ಕಾಯಿಲೆ ಇದಕ್ಕೆ ದೊಡ್ಡ ಕಾರಣ. ಬಿ-12 ಜೀವಸತ್ವ ಕಡಿಮೆಯಾದರೂ ಹೀಗೆ ಆಗುತ್ತದೆ. ಇದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಇರುತ್ತದೆ. ರೊಟ್ಟಿ, ಪಲ್ಲೆಯಲ್ಲಿ ಇರುವುದಿಲ್ಲ.

ಸ್ವಲ್ಪ ದೂರ ನಡೆದರೆ ಮೀನಖಂಡ ಬಿಗಿಯುತ್ತದೆ, ನಿಂತರೆ ಬಿಡುತ್ತದೆ, ಮತ್ತೆ ನಡೆದರೆ ಮತ್ತೆ ಬಿಗಿಯುತ್ತದೆ. ಇಲ್ಲಿ ಕಾಲಿಗೆ ರಕ್ತ ಸಾಲದೆ ಇರಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ಹೊಗೆ ರಕ್ತನಾಳಗಳನ್ನು ಕೆಡಿಸುತ್ತದೆ.

ಸೊಂಟದಿಂದ ಒಂದೇ ಕಾಲಿಗೆ ನೋವು ಇಳಿಯುತ್ತದೆ. ಇದು ಬೆನ್ನಿನಲ್ಲಿ ನರ ಒತ್ತಿದ್ದರಿಂದ ಇರಬಹುದು.

ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡದಲ್ಲಿ ಮುಳ್ಳು ಚುಚ್ಚಿದ ಹಾಗೆ ಆಗುತ್ತದೆ. ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆ. ಇದು ಅಂಗಾಲಿನ ಪಟ್ಟಿಯ ಬಾವು ಇರಬಹುದು.

ದಿನವೆಲ್ಲ ನಿಂತವರಿಗೆ ಸಂಜೆಗೆ ಕಾಲು ಭಾರವಾಗುತ್ತದೆ, ಬಾಯುತ್ತದೆ. ಹಸಿರು ನರಗಳು ಗಂಟುಗಂಟಾಗಿ ಉಬ್ಬುತ್ತವೆ.

ರಾತ್ರಿ ಮಲಗಿದಾಗ ಕಾಲು ಆಡಿಸಬೇಕು ಅನ್ನಿಸುತ್ತದೆ, ಆಡಿಸಿದರೆ ಹಾಯೆನಿಸುತ್ತದೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದವರಿಗೆ ಇದು ಹೆಚ್ಚು.

2. "ನಾರ್ಮಲ್" ಅಂದರೆ ಏನು?

ಎಕ್ಸ್-ರೇ ಎಲುಬನ್ನು ತೋರಿಸುತ್ತದೆ. ನರವನ್ನು ತೋರಿಸುವುದಿಲ್ಲ. ಸಕ್ಕರೆಯ ಪರೀಕ್ಷೆ ಸಕ್ಕರೆಯನ್ನು ಮಾತ್ರ ಹೇಳುತ್ತದೆ, ಬಿ-12 ಹೇಳುವುದಿಲ್ಲ. ನರಕ್ಕೆ ಕರೆಂಟ್ ಕೊಟ್ಟು ಮಾಡುವ ಪರೀಕ್ಷೆಯಲ್ಲಿ ದಪ್ಪ ನರಗಳು ತಿಳಿಯುತ್ತವೆ. ಉರಿಯನ್ನು ಹೊತ್ತು ತರುವ ಬಹಳ ಸಣ್ಣ ನರಗಳು ಅದರಲ್ಲಿ ತಿಳಿಯುವುದಿಲ್ಲ.

ಆದ್ದರಿಂದ "ನಾರ್ಮಲ್" ಅಂದರೆ "ಈ ಪರೀಕ್ಷೆಯಲ್ಲಿ ಕಾಣಲಿಲ್ಲ" ಎಂದು ಅರ್ಥ. ನಿಮಗೆ ನೋವಿಲ್ಲ ಎಂದು ಅರ್ಥವಲ್ಲ. ಎಲ್ಲ ಪರೀಕ್ಷೆ ಆದರೂ ಕೆಲವರ ನೋವಿಗೆ ಕಾರಣ ಸಿಗುವುದಿಲ್ಲ. ಆಗಲೂ ನೋವು ಕಡಿಮೆ ಮಾಡುವ ಉಪಾಯಗಳಿವೆ. ನರದ ನೋವಿಗೆ ಬೇರೆ ಗುಳಿಗೆಗಳಿವೆ, ವ್ಯಾಯಾಮ ಇದೆ. "ಕಾರಣ ಸಿಗದಿದ್ದರೂ ನೋವಿಗೆ ಏನು ಮಾಡಬಹುದು, ಡಾಕ್ಟರ್?" ಈ ಪ್ರಶ್ನೆ ಕೇಳಲು ಸಂಕೋಚ ಬೇಡ.

3. ನೋವಿನ ಚೀಟಿ

ಡಾಕ್ಟರ ಮುಂದೆ ನಮಗೆ ಸಿಗುವುದು ಸ್ವಲ್ಪ ಹೊತ್ತು. ಹಿಂದೆ ಪಾಳಿ ದೊಡ್ಡದಿರುತ್ತದೆ. ಗಡಿಬಿಡಿಯಲ್ಲಿ "ಕಾಲು ನೋಯ್ತಾವ" ಅಂತ ಅಷ್ಟೇ ಹೇಳಿ ಬರುತ್ತೇವೆ. ಈಗ ನಿಮಗೆ ಬರೆಯಲು ಬರುತ್ತದೆ. ಏಳು ದಿನ ಬರೆದು ಚೀಟಿ ಒಯ್ಯಿರಿ. ಚೀಟಿ ಹೀಗಿರಲಿ:

ಎಲ್ಲಿ: ಎರಡೂ ಅಂಗಾಲು, ಮೀನಖಂಡ.
ಹೇಗೆ: ಅಂಗಾಲು ಉರಿ. ಮೀನಖಂಡ ಬಿಗಿ.
ಯಾವಾಗ: ರಾತ್ರಿ ಮಲಗಿದ ಮೇಲೆ.
ಎಂದಿನಿಂದ: ದೀಪಾವಳಿಯಿಂದ.
ಏನು ಮಾಡಿದರೆ ಹೆಚ್ಚು: ಬಹಳ ಹೊತ್ತು ಕೂತರೆ.
ಏನು ಮಾಡಿದರೆ ಕಡಿಮೆ: ಎದ್ದು ಅಡ್ಡಾಡಿದರೆ.
ಕೆಲಸ: ಬೀಡಿ ಕಟ್ಟುವುದು.
ತೆಗೆದುಕೊಳ್ಳುವ ಗುಳಿಗೆ: ಬಿ.ಪಿ. ಗುಳಿಗೆ, ದಿನಾ ಒಂದು.

ಇಷ್ಟು ಸಾಕು. ಹಳೆಯ ಕೇಸ್ ಪೇಪರ್, ರಿಪೋರ್ಟ್‌ಗಳನ್ನೂ ಒಂದೇ ಚೀಲದಲ್ಲಿ ಇಟ್ಟು ಒಯ್ಯಿರಿ.

4. ಕನ್ನಡದ ನೋವು, ಮರಾಠಿಯಲ್ಲಿ

ನಮ್ಮ ಮನೆಮಾತು ಕನ್ನಡ. ದವಾಖಾನೆಯಲ್ಲಿ ಹೆಚ್ಚಾಗಿ ಮರಾಠಿ ಮಾತು. ಈ ಪದಗಳನ್ನು ಜೋಡಿ ಜೋಡಿಯಾಗಿ ಓದಿರಿ:

ಹಿಮ್ಮಡ – ಟಾಚ
ಅಂಗಾಲು – ತಳಪಾಯ
ಮೀನಖಂಡ – ಪೋಟರಿ
ಮೊಣಕಾಲು – ಗುಡಘಾ
ತೊಡೆ – ಮಾಂಡಿ
ಬಾವು – ಸೂಜ
ಉರಿ – ಆಗ
ಜುಮ್ಮು ಹಿಡಿಯುವುದು – ಮುಂಗ್ಯಾ ಯೇಣೆ
ಕಾಲಿನ ನರ ಹಿಡಿಯುವುದು – ಪಾಯಾತ ಗೋಳೆ ಯೇಣೆ

ಒಂದು ಎಚ್ಚರಿಕೆ. ಕನ್ನಡದಲ್ಲಿ "ಮಂಡಿ" ಅಂದರೆ ಮೊಣಕಾಲು. ಮರಾಠಿಯಲ್ಲಿ "ಮಾಂಡಿ" ಅಂದರೆ ತೊಡೆ. ನೀವು ಮಂಡಿ ಅಂದರೆ ಡಾಕ್ಟರ್ ತೊಡೆ ಅಂತ ತಿಳಿಯಬಹುದು. ಆದ್ದರಿಂದ ಮಾತಿನ ಜೊತೆಗೆ ನೋವಿನ ಜಾಗವನ್ನು ಬೆರಳಿಟ್ಟು ತೋರಿಸಿರಿ.

5. ಎಲ್ಲಿಗೆ ಹೋಗಬೇಕು?

ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿರಿ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿ.ಪಿ. ತಪಾಸಣೆ ಪುಕ್ಕಟೆ. ಅಕ್ಕಲಕೋಟದಲ್ಲಿ ಗ್ರಾಮೀಣ ರುಗ್ಣಾಲಯ ಇದೆ. ದೊಡ್ಡ ತಪಾಸಣೆಗೆ ಸೋಲಾಪುರದ ಛತ್ರಪತಿ ಶಿವಾಜಿ ಮಹಾರಾಜ ಸರ್ವೋಪಚಾರ ರುಗ್ಣಾಲಯ ಇದೆ. ನಾವು "ಸಿವಿಲ್" ಅನ್ನುವುದು ಇದನ್ನೇ. 1963ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ಇದರ ಜೊತೆಗಿದೆ.

6. ದಿನಾ ಮಾಡುವುದು

ನೂರು ಬೀಡಿ ಆದ ಕೂಡಲೇ ಒಮ್ಮೆ ಎದ್ದು ನಿಲ್ಲಿರಿ. ಹತ್ತು ಹೆಜ್ಜೆ ಅಡ್ಡಾಡಿರಿ. ನಿಂತು ಕೆಲಸ ಮಾಡುವವರು ಬಿಡುವಿನಲ್ಲಿ ಕೂತು ಕಾಲು ಎತ್ತರದಲ್ಲಿಡಿರಿ.

ಗೋಡೆಗೆ ಎರಡೂ ಕೈ ಊರಿ ನಿಲ್ಲಿರಿ. ಒಂದು ಕಾಲು ಹಿಂದೆ ಇಡಿರಿ. ಹಿಮ್ಮಡ ನೆಲ ಬಿಡಬಾರದು. ಮುಂದಕ್ಕೆ ಬಾಗಿ 1ರಿಂದ 30ರ ತನಕ ಎಣಿಸಿರಿ. ಇನ್ನೊಂದು ಕಾಲಿಗೂ ಹಾಗೇ ಮಾಡಿರಿ.

ರಾತ್ರಿ ಮೀನಖಂಡ ಹಿಡಿದುಕೊಂಡರೆ ಮೊಣಕಾಲು ನೆಟ್ಟಗೆ ಮಾಡಿ, ಕಾಲ್ಬೆರಳನ್ನು ನಿಮ್ಮ ಕಡೆಗೆ ಎಳೆಯಿರಿ.

ಪಾದ ಮರಗಟ್ಟಿದವರು ಬಿಸಿನೀರಿನಲ್ಲಿ ಕಾಲು ಇಡುವ ಮೊದಲು ಬೇರೆಯವರಿಂದ ನೀರು ಮುಟ್ಟಿಸಿ ನೋಡಿರಿ. ಸುಟ್ಟರೂ ನಿಮಗೆ ತಿಳಿಯುವುದಿಲ್ಲ. ಸಿದ್ಧೇಶ್ವರ ಜಾತ್ರೆಯಲ್ಲಾಗಲಿ, ಅಕ್ಕಲಕೋಟದ ಪಾದಯಾತ್ರೆಯಲ್ಲಾಗಲಿ ಇಂಥವರು ಬರಿಗಾಲಲ್ಲಿ ನಡೆಯಬಾರದು. ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿರಿ.

ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗಬೇಡಿರಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಏನು ಔಷಧ ಎಂದು ಹೇಳದೆ ಚುಚ್ಚುವ ಇಂಜೆಕ್ಷನ್ ಬೇಡವೇ ಬೇಡ.

7. ತಡಮಾಡಬೇಡಿರಿ

ಹೀಗಾದರೆ ಅಂದೇ ದವಾಖಾನೆಗೆ ಹೋಗಿರಿ:

• ಒಂದೇ ಕಾಲು ಒಮ್ಮೆಲೇ ಬಾತು ಬಿಸಿಯಾದರೆ.
• ಪಾದ ತಣ್ಣಗಾಗಿ, ಬೆರಳು ನೀಲಿ ಅಥವಾ ಕಪ್ಪಾದರೆ.
• ಕಾಲಿನ ಬಲ ಹೋಗಿ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ.
• ಮರಗಟ್ಟಿದ ಪಾದದಲ್ಲಿ ಗಾಯವಾದರೆ.

ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿರಿ. ಆಂಬುಲೆನ್ಸ್ ಪುಕ್ಕಟೆ ಬರುತ್ತದೆ.

ಅಭ್ಯಾಸ

1. "ರಿಪೋರ್ಟ್ ನಾರ್ಮಲ್" ಅಂದರೆ ಏನು? ನಿಮ್ಮ ಮಾತಿನಲ್ಲಿ ಹೇಳಿರಿ.
2. ಮೀನಖಂಡಕ್ಕೆ ಮರಾಠಿಯಲ್ಲಿ ಏನನ್ನುತ್ತಾರೆ? ಬರೆಯಿರಿ.
3. ನಿಮ್ಮ ಮನೆಯಲ್ಲಿ ಯಾರಿಗೆ ಕಾಲು ನೋವು ಇದೆ? ಅವರ ಪಕ್ಕದಲ್ಲಿ ಕೂತು, ಅವರನ್ನು ಕೇಳಿ, ಅವರ ನೋವಿನ ಚೀಟಿ ಬರೆಯಿರಿ. ಅವರು ಹೇಳಿದ್ದನ್ನೇ ಬರೆಯಿರಿ. ಮುಂದಿನ ತರಗತಿಗೆ ಬರುವಾಗ ಚೀಟಿ ತನ್ನಿರಿ. ದವಾಖಾನೆಗೆ ಒಯ್ಯುವ ಮೊದಲು ಎಲ್ಲರೂ ಕೂಡಿ ಓದಿ ನೋಡೋಣ.