ಲಿನಕ್ಸ್ ಕಂಪ್ಯೂಟರಿಗೆ ಅಂತರ್ಜಾಲ ಬಾರದಿದ್ದಾಗ

ತುಂಗಭದ್ರಾ ಕೆಳಮಟ್ಟದ ಕಾಲುವೆಯನ್ನು ನಂಬಿದ ನಮ್ಮ ಆದೋನಿ ಸೀಮೆಯ ರೈತನು, ಹೊಲಕ್ಕೆ ನೀರು ಬಾರದ ದಿನ ಮೊದಲೇ ಹೊಸಪೇಟೆಯ ಅಣೆಕಟ್ಟನ್ನು ದೂಷಿಸಲು ಹೊರಡುವುದಿಲ್ಲ. ಸಲಿಕೆಯನ್ನು ಹೆಗಲಿಗೇರಿಸಿ, ತನ್ನ ಹೊಲದ ಮಡೆಯನ್ನು ನೋಡಿ, ಸಣ್ಣ ಕಾಲುವೆಯ ಗುಂಟ ನಡೆದು ತೂಬಿನವರೆಗೆ ಹೋಗುತ್ತಾನೆ. ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿಂದ ಮುಂದಕ್ಕೆ ಬಂದಿಲ್ಲ ಎಂಬುದು ತಿಳಿಯಿತೆಂದರೆ ಅರ್ಧ ಕೆಲಸ ಮುಗಿದಂತೆಯೇ ಸರಿ. ಅಂತರ್ಜಾಲದ ವಿಷಯದಲ್ಲಿಯೂ ಇದೇ ಕ್ರಮವು ಸಲ್ಲುತ್ತದೆಂಬುದನ್ನು ಕಳೆದ ವರ್ಷ ನಾವು ಪಾಠವಾಗಿಯೇ ಕಲಿಯಬೇಕಾಯಿತು.

ಎಂಟನೆಯ ತರಗತಿಯ ಮಕ್ಕಳಿಗಾಗಿ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನದ ಪರೀಕ್ಷೆಯೊಂದಿರುವುದಷ್ಟೆ. ಅದರಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಸುಗ್ಗಿಯ ಕೂಲಿಗಾಗಿ ಗುಂಟೂರಿನ ಕಡೆಗೆ ವಲಸೆ ಹೋಗುವ ಕುಟುಂಬಗಳಿಗೆ ಈ ಹಣವು, ಮಗುವು ಶಾಲೆಯಲ್ಲಿ ಉಳಿಯುವುದಕ್ಕೂ ಬಿಡುವುದಕ್ಕೂ ನಡುವಣ ಅಂತರವೇ ಆಗಬಹುದು. ಅರ್ಜಿಯನ್ನು ಅಂತರ್ಜಾಲದ ಮೂಲಕವೇ ಕಳುಹಿಸಬೇಕು. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಆ ಅರ್ಜಿಯ ಪುಟವು ತೆರೆಯುತ್ತಿರಲಿಲ್ಲ. ಆದುದರಿಂದ ದಾನವಾಗಿ ಬಂದ ಮತ್ತೊಂದು ಕಂಪ್ಯೂಟರಿಗೆ ಲಿನಕ್ಸನ್ನು ಅಳವಡಿಸಿ, ಹಳೆಯದರ ಕೇಬಲನ್ನು ಕಿತ್ತು ಇದಕ್ಕೆ ಜೋಡಿಸಿದೆವು. ಸಂಪರ್ಕ ಬರಲಿಲ್ಲ. ಕಡೆಯ ದಿನಕ್ಕೆ ಎರಡೇ ದಿನ ಉಳಿದಿದ್ದವು.

ನೋಡಲು ಬಂದವರೊಬ್ಬರು ಕೇಬಲನ್ನು ಮರಳಿ ಹಳೆಯ ಕಂಪ್ಯೂಟರಿಗೆ ಹಾಕಿದರು. ಅಲ್ಲಿ ಅಂತರ್ಜಾಲವು ಬಂದಿತು. "ನೋಡಿರಿ ಸಾರ್, ಲೈನು ಸರಿಯಾಗಿದೆ. ನಿಮ್ಮ ಲಿನಕ್ಸೇ ಕೆಲಸಕ್ಕೆ ಬಾರದು" ಎಂದರು. ನಾವೂ ಹಾಗೆಯೇ ನಂಬಿದೆವು. ಆದರೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು, "ಸಾರ್, ಎಲ್ಲಿ ನಿಂತಿದೆಯೆಂದು ನೋಡದೆ ಹೇಗೆ ಹೇಳುವುದು?" ಎಂದಳು. ನಾವು ತರಗತಿಯಲ್ಲಿ ಹೇಳಿದ ಮಾತನ್ನೇ ಅವಳು ನಮಗೆ ಮರಳಿ ಹೇಳಿದ್ದಳು.

ಲಿನಕ್ಸ್ ಎಂಬುದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ ಆರಂಭಿಸಿದ ಕಾರ್ಯ. ಇದನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದು, ತಿದ್ದಬಹುದು, ಹಂಚಬಹುದು. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠವು ಇದರ ಮೇಲೆಯೇ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಆ ಪಾಠವನ್ನು ಕನ್ನಡ ಪುಸ್ತಕದಿಂದಲೇ ಓದುತ್ತಾರೆ. ಅಂಥದನ್ನು ಪರೀಕ್ಷಿಸದೆ ತಳ್ಳಿಹಾಕುವುದು ನ್ಯಾಯವಾಗದು. ಆದುದರಿಂದ ಹತ್ತಿರದಿಂದ ದೂರಕ್ಕೆ ಹೀಗೆ ನಡೆದೆವು.

ಮೊದಲನೆಯದು, ಕಣ್ಣಿನ ಪರೀಕ್ಷೆ. ಮೋಡೆಮಿನ ದೀಪಗಳು ಸ್ಥಿರವಾಗಿ ಉರಿಯುತ್ತಿವೆಯೆ? ಕೇಬಲ್ ಚುಚ್ಚಿದ ಕಿಂಡಿಯ ಸಣ್ಣ ದೀಪ ಹೊತ್ತಿದೆಯೆ? ಇಲ್ಲವಾದರೆ ತಂತಿಯನ್ನು ಬಿಚ್ಚಿ, 'ಟಕ್' ಎನ್ನುವಂತೆ ಮರಳಿ ಚುಚ್ಚಬೇಕು. ನಮ್ಮಲ್ಲಿ ದೀಪಗಳೆಲ್ಲ ಉರಿಯುತ್ತಿದ್ದವು.

ಎರಡನೆಯದು, ವಿಳಾಸದ ಪರೀಕ್ಷೆ. ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ 'ಐಪಿ ಅಡ್ರೆಸ್' ಎಂಬ ಆಜ್ಞೆಯನ್ನು ಕೊಟ್ಟರೆ, ಯಂತ್ರಕ್ಕೆ ದೊರೆತ ಸಂಖ್ಯಾವಿಳಾಸವು ಕಾಣುತ್ತದೆ. ವಿಳಾಸವೇ ಇಲ್ಲದಿದ್ದರೆ, ಅಥವಾ ಅದು 169.254 ಎಂದು ಆರಂಭವಾದರೆ, ಆಚೆಯಿಂದ ವಿಳಾಸ ಬಂದಿಲ್ಲವೆಂದು ಅರ್ಥ.

ಮೂರನೆಯದು, ಹೆಬ್ಬಾಗಿಲಿನ ಪರೀಕ್ಷೆ. 'ಐಪಿ ರೂಟ್' ಎಂದು ಕೇಳಿದರೆ 'ಡಿಫಾಲ್ಟ್ ವಯಾ' ಎಂಬುದರ ಮುಂದೆ ಒಂದು ಸಂಖ್ಯೆ ಬರುತ್ತದೆ. ನಮ್ಮ ಮಾತು ಹೊರಗೆ ಹೋಗುವ ಬಾಗಿಲು ಅದು. 'ಪಿಂಗ್' ಎಂಬ ಆಜ್ಞೆಯಿಂದ ಅದನ್ನು ಕೂಗಿದರೆ ಸಾಮಾನ್ಯವಾಗಿ ಉತ್ತರ ಬರುತ್ತದೆ.

ನಾಲ್ಕನೆಯದು, ಹೊರಗಿನ ಲೋಕದ ಪರೀಕ್ಷೆ. 8.8.8.8 ಎಂಬ ಸಂಖ್ಯೆಯನ್ನು ಪಿಂಗ್ ಮಾಡಿ, ಬಳಿಕ ಯಾವುದಾದರೂ ತಾಣದ ಹೆಸರನ್ನು ಪಿಂಗ್ ಮಾಡಬೇಕು. ಸಂಖ್ಯೆ ಉತ್ತರಿಸಿ ಹೆಸರು ಉತ್ತರಿಸದಿದ್ದರೆ, ದಾರಿ ಸರಿಯಾಗಿದೆ. ಹೆಸರನ್ನು ಸಂಖ್ಯೆಯಾಗಿ ತಿಳಿಸುವ ಡಿ.ಎನ್.ಎಸ್. ವ್ಯವಸ್ಥೆಯಲ್ಲಿ ಮಾತ್ರ ದೋಷವಿದೆಯೆಂದು ತಿಳಿಯತಕ್ಕದ್ದು.

ನಮ್ಮ ನಡಿಗೆಯು ಎರಡನೆಯ ಮೆಟ್ಟಿಲಲ್ಲಿಯೇ ನಿಂತಿತು: ದೀಪವಿದೆ, ವಿಳಾಸವಿಲ್ಲ. ತಂತಿ ಸರಿ, ಕಂಪ್ಯೂಟರೂ ಕೇಳುತ್ತಿದೆ, ಕೊಡುವವರೇ ಕೊಡುತ್ತಿಲ್ಲ. ಆಗ ಮುಖ್ಯವಾದ ಸಂಗತಿಯೊಂದು ನಮಗೆ ಹೊಳೆಯಿತು. ಪ್ರತಿಯೊಂದು ಕಂಪ್ಯೂಟರಿನ ಜಾಲಕಿಂಡಿಗೂ 'ಮ್ಯಾಕ್' ಎಂಬ ಗುರುತಿನ ಸಂಖ್ಯೆಯಿರುತ್ತದೆ. ಅನೇಕ ಕೇಬಲ್ ಮೋಡೆಮುಗಳು, ತಾವು ಚಾಲೂ ಆದ ಮೇಲೆ ಮೊದಲು ಕಂಡ ಗುರುತನ್ನೇ ನೆನಪಿಟ್ಟುಕೊಂಡು, ಬೇರೆಯದನ್ನು ಒಳಗೆ ಬಿಡುವುದಿಲ್ಲ. ಹಾಗಾದರೆ ದೋಷವು ಲಿನಕ್ಸಿನದಲ್ಲ, ಮೋಡೆಮಿನ ನೆನಪಿನದು!

ಮೋಡೆಮಿನ ವಿದ್ಯುತ್ತನ್ನು ಕಿತ್ತೆವು. ಕೇಬಲನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದೆವು. ಒಂದೆರಡು ನಿಮಿಷ ತಾಳಿ ವಿದ್ಯುತ್ತನ್ನು ಕೊಟ್ಟೆವು. ದೀಪಗಳು ಸ್ಥಿರವಾದೊಡನೆ ವಿಳಾಸ ಬಂದಿತು, ಪುಟವೂ ತೆರೆಯಿತು. ಆ ಹುಡುಗಿಯು ಅಷ್ಟಕ್ಕೆ ಬಿಡದೆ, ಕೇಬಲನ್ನು ಮರಳಿ ಹಳೆಯ ಕಂಪ್ಯೂಟರಿಗೆ ಹಾಕಿ ನೋಡಿದಳು. ಈ ಸಲ ಅದಕ್ಕೆ ಸಂಪರ್ಕ ದೊರೆಯಲಿಲ್ಲ! ಊಹೆಯು ಪ್ರಮಾಣವಾದುದು ಆಗಲೇ. ಆ ಸಂಜೆಯೇ 11 ಮಕ್ಕಳ ಅರ್ಜಿಗಳೂ ಹೋದವು.

ವಿದ್ಯಾರ್ಥಿಗಳೇ, ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿರಿ. ಬದಲಿಸಿದುದನ್ನೂ ಕಂಡುದನ್ನೂ ಪುಸ್ತಕದಲ್ಲಿ ಬರೆದಿಡಿರಿ. ಮನೆಗೆ ಬೆಳಕಿನ ತಂತಿ, ಎಂದರೆ ಫೈಬರ್, ಬಂದಿದ್ದರೆ ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿರಿ. ಕಾಣದ ಬೆಳಕೂ ಕಣ್ಣಿಗೆ ಅಪಾಯಕರ. ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮಗುವು "ಎಲ್ಲಿ ನಿಂತಿದೆಯೆಂದು ನೋಡೋಣ" ಎಂದಾಗ ಗದರಿಸಬೇಡಿ. ಅಂದು ಆ ಪ್ರಶ್ನೆಯನ್ನು ನಾವು ಗದರಿಸಿದ್ದರೆ, 11 ಮನೆಗಳಿಗೆ ನಾವು ಉತ್ತರ ಹೇಳಬೇಕಾಗುತ್ತಿತ್ತು.