ಟ್ಯಾಂಗೋ: ಮೊದಲು ಕೇಳೋಣ, ಆಮೇಲೆ ನೋಡೋಣ

ಡ್ಯಾನ್ಸ್ ಸಿನಿಮಾ ಅಂದ್ರೆ ನಾವು ಸಾಮಾನ್ಯವಾಗಿ ಹೆಜ್ಜೆಗಳನ್ನಷ್ಟೇ ನೋಡ್ತೇವೆ. ಕಾರ್ಲೋಸ್ ಸೌರಾ ಅವರ 1998ರ ‘ಟ್ಯಾಂಗೋ’ ಸಿನಿಮಾವನ್ನು ಸ್ವಲ್ಪ ಬೇರೆ ಥರ ನೋಡೋಣ. ಕಥೆ ಸರಳ: ಬ್ಯೂನಸ್ ಐರಿಸ್‌ನಲ್ಲಿ ಒಬ್ಬ ನಿರ್ದೇಶಕ ಟ್ಯಾಂಗೋ ಬಗ್ಗೆ ಸಿನಿಮಾ ಮಾಡ್ತಿದ್ದಾನೆ.

ಮೊದಲು ಸಂಗೀತ. ಸಾಂಪ್ರದಾಯಿಕ ಟ್ಯಾಂಗೋ ವಾದ್ಯವೃಂದದಲ್ಲಿ ಡ್ರಮ್ಸ್ ಇರುವುದಿಲ್ಲ. ಹಾಗಾದ್ರೆ ತಾಳ ಎಲ್ಲಿಂದ? ಪಿಯಾನೋ, ಡಬಲ್ ಬೇಸ್ ಮತ್ತು ನಮ್ಮ ಹಾರ್ಮೋನಿಯಂನಂತೆ ಗಾಳಿಯಿಂದ ನುಡಿಯುವ ಬ್ಯಾಂಡೋನಿಯನ್‌ನಿಂದ.

ಈಗ ನೃತ್ಯ. ಸಂಯೋಜಕರಲ್ಲಿ ಒಬ್ಬರು ಹುವಾನ್ ಕಾರ್ಲೋಸ್ ಕೋಪೆಸ್. ಕಾಲಿಗಿಂತ ಮೊದಲು ಎದೆಯನ್ನು ಗಮನಿಸಿ. ಮುನ್ನಡೆಸುವವರು ಎದೆ ತಿರುಗಿಸಿ ಸೂಚನೆ ಕೊಡ್ತಾರೆ, ಜೊತೆಗಾರ್ತಿಯ ಪಾದ ನೆಲದ ಮೇಲೆ 8ರ ಆಕಾರ ಬಿಡಿಸುತ್ತೆ. ಇದರ ಹೆಸರೇ ‘ಓಚೋ’, ಅಂದ್ರೆ ಸ್ಪ್ಯಾನಿಷ್‌ನಲ್ಲಿ ಎಂಟು.

ಇವೆರಡೂ ಸೇರಿ ನಮ್ಮನ್ನು ಅಲುಗಾಡಿಸುವುದು ಸೇನಾಡಳಿತದ ದೃಶ್ಯದಲ್ಲಿ. 1976ರಿಂದ 1983ರವರೆಗೆ ಅರ್ಜೆಂಟೀನಾವನ್ನು ಆಳಿದ ಸೇನೆ ಸಾವಿರಾರು ಜನರನ್ನು ಕಣ್ಮರೆ ಮಾಡಿತು. ಆ ಕ್ರೌರ್ಯವನ್ನು ಇಲ್ಲಿ ಹೇಳುವುದು ಸಂಭಾಷಣೆಯಲ್ಲ, ಲಾಲೋ ಶಿಫ್ರಿನ್ ಅವರ ಸಂಗೀತ ಮತ್ತು ನರ್ತಕರ ಮೈ. ಕಥೆಯೊಳಗೆ ಸಿನಿಮಾಗೆ ಹಣ ಹಾಕಿದವರಿಗೆ ಈ ದೃಶ್ಯವೇ ಹಿಡಿಸಲ್ಲ! ಕುಣಿತಕ್ಕೂ ಅಷ್ಟು ಹೆದರ್ತಾರೆ ಅಂದ್ರೆ ಅದರ ಶಕ್ತಿ ಎಷ್ಟಿರಬೇಕು?

ಆ ದೃಶ್ಯವನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಿ, ಒಮ್ಮೆ ಮ್ಯೂಟ್ ಮಾಡಿ ನೋಡಿ. ಕೊನೆಗೆ ಎರಡನ್ನೂ ಕೂಡಿಸಿ. ಯಾವುದು ಯಾವುದನ್ನು ನಡೆಸ್ತಿದೆ ಅಂತ ಆಗ ಗೊತ್ತಾಗುತ್ತೆ.