ಚಳಿಯಲ್ಲಿ ಎಂಜಿನು ಕಾಯಿಸುವ ಬಗೆ

ಯೇವಲಾದಲ್ಲಿ ಪುಷ್ಯಮಾಸದ ಚಳಿ ನಮ್ಮೂರ ಚಳಿಯಂತಲ್ಲ. ನೆರೆಯ ನಿಫಾಡದಲ್ಲಿ ಉಷ್ಣಮಾನ ಒಮ್ಮೊಮ್ಮೆ 5 ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಲಾಸಲಗಾಂವಕ್ಕೆ ಈರುಳ್ಳಿ ಒಯ್ಯುವ ಟೆಂಪೋ ಇರಲಿ, ಸಾಹುಕಾರರ ಓಟದ ಕಾರಿರಲಿ, ಬೆಳಗಿನ ನಿಯಮ ಒಂದೇ.

ಚಳಿಗೆ ಎಂಜಿನಿನ ಎಣ್ಣೆ ಮಂದವಾಗಿ, ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ. ಆದುದರಿಂದ ಚಾಲೂ ಮಾಡಿದೊಡನೆ ಆಕ್ಸಿಲರೇಟರ್ ಒತ್ತಬಾರದು. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ತಾನಾಗಿ ಓಡಲಿ. ಹತ್ತು ನಿಮಿಷ ನಿಂತಲ್ಲೇ ಕಾಯಿಸಿದರೆ ಇಂಧನ ಹಾಳು. ಗೇರುಪೆಟ್ಟಿಗೆಯ ಎಣ್ಣೆ ಚೆನ್ನಾಗಿ ಬಿಸಿಯಾಗುವುದು ಗಾಡಿ ನಡೆದಾಗಲೇ. ಮೊದಲ ನಾಲ್ಕೈದು ಕಿಲೋಮೀಟರು ಮೆಲ್ಲಗೆ ನಡೆಸಿ, ಗೇರನ್ನು ನಿಧಾನವಾಗಿ ಬದಲಿಸಿರಿ.

ಶೆಡ್ಡಿನಲ್ಲೇ ಮಲಗುವ ಕ್ಲೀನರ್ ತಮ್ಮಂದಿರಿಗೆ ಇನ್ನೊಂದು ಮಾತು: ಚಳಿಯೆಂದು ಬಾಗಿಲು ಮುಚ್ಚಿ ಎಂಜಿನು ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿದ್ದವನು ಮತ್ತೆ ಏಳಲಾರ.